ಕೊನೆಯ ಕೋಣೆಗೆ ಅವ್ವನನ್ನು ಬಿಡಲಿಲ್ಲ

ನಂಬಿಕೆಯ ವಿಷಯದಲ್ಲಿ ನಾನು ಸ್ವಲ್ಪ ಗಡಸು ಹೆಂಗಸು, ಮೊದಲೇ ಹೇಳಿಬಿಡುತ್ತೇನೆ. ಸಿಡ್ನಿಯ ಒಂದು ಲ್ಯಾಬಿನಲ್ಲಿ ಕಂಡವರ ರಕ್ತ ಪರೀಕ್ಷೆ ಮಾಡುತ್ತಾ ಅರ್ಧ ಆಯುಷ್ಯ ಕಳೆದವಳು. ಮೈಕ್ರೋಸ್ಕೋಪಿನ ಕೆಳಗೆ ಕಾಣದಿದ್ದದ್ದು ಇಲ್ಲವೇ ಇಲ್ಲ ಅನ್ನುವ ಪೈಕಿ. ನಮ್ಮ ಕನ್ನಡದವರು ಸೇರಿದ ಊಟದಲ್ಲಿ ಯಾರಾದರೂ 'ನನಗ ಮೊದಲ ಅನಿಸಿತ್ತು ನೋಡ್ರಿ' ಎಂದು ಶುರು ಮಾಡಿದರೆ ನಾನು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂರುತ್ತಿದ್ದೆ. ಎಲ್ಲಾ ಮುಗಿದ ಮೇಲೆ 'ಮೊದಲೇ ಅನಿಸಿತ್ತು' ಅನ್ನುವುದಕ್ಕೆ ಯಾರಪ್ಪನ ಗಂಟು ಹೋಗಬೇಕು? ಅಂಥ ನಾನೇ ಈಗ ಅದೇ ಮಾತು ಹೇಳಲು ಕೂತಿದ್ದೇನೆ. ನೀವು ತಟ್ಟೆ ಎತ್ತಿಕೊಂಡು ಎದ್ದು ಹೋದರೆ ನನಗೆ ಬೇಜಾರಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಬೇಸಿಗೆ. ಅವ್ವ ಧಾರವಾಡದಿಂದ ನನ್ನ ಹತ್ತಿರ ಬಂದಿದ್ದಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ರಿಟೈರ್ ಆದವಳು. ಬರುವ ಮೊದಲು ಹೃದಯಕ್ಕೆ ಒಂದು ಸ್ಟೆಂಟ್ ಹಾಕಿಸಿಕೊಂಡಿದ್ದಳು. ಓಡಾಡಬಹುದು, ಆದರೆ ಆಯಾಸ ಮಾಡಿಕೊಳ್ಳಬಾರದು ಅಂತ ಅಲ್ಲಿಯ ಡಾಕ್ಟರು ಹೇಳಿ ಕಳಿಸಿದ್ದರು. ಆ 'ಆಯಾಸ' ಅನ್ನುವ ಶಬ್ದ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆಕೆ ನಾಲ್ಕು ಮೆಟ್ಟಿಲು ಹತ್ತಿದರೆ ನನ್ನ ಎದೆ ಡವಡವ ಅನ್ನುತ್ತಿತ್ತು. ಮಧ್ಯಾಹ್ನ ಮಲಗಿದ್ದಾಗ ಹೋಗಿ ಹೊಟ್ಟೆ ಏರಿಳಿಯುತ್ತಿದೆಯೇ ಎಂದು ನೋಡಿ ಬರುತ್ತಿದ್ದೆ. ಒಮ್ಮೆ ಕಣ್ಣು ಮುಚ್ಚಿಕೊಂಡೇ "ಇನ್ನೂ ಇದ್ದೇನವಾ, ಹೋಗ ನಿನ್ನ ಕೆಲಸಕ್ಕ" ಅಂದಿದ್ದಳು.

ನನ್ನ ತಮ್ಮ ಗಿರೀಶ ಮೆಲ್ಬರ್ನಿನಲ್ಲಿ. ಓದಲು ಬಂದು, ಅಲ್ಲೇ ಕಾಯಂ ಉಳಿಯಲು ಪಿಆರ್ ಮಾಡಿಕೊಂಡು, ಬ್ಯಾಂಕೊಂದರ ಐಟಿಯಲ್ಲಿ ಕೆಲಸ ಹಿಡಿದು ಡಾಕ್‌ಲ್ಯಾಂಡ್ಸಿನಲ್ಲಿ ಎತ್ತರದ ಒಂದು ಫ್ಲಾಟಿನಲ್ಲಿ ಬಾಡಿಗೆಗೆ ಇದ್ದ. ಅವನ ಮನೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಇಟಲಿಯ ಫ್ಲಾರೆನ್ಸಿನ ಹೆಸರಾಂತ ಮ್ಯೂಸಿಯಂ ಒಂದರಿಂದ ರೆನೆಸಾನ್ಸ್ ಕಾಲದ ಚಿತ್ರಗಳನ್ನು ತಂದು ಆಗ ಮೆಲ್ಬರ್ನಿನಲ್ಲಿ ಇಟ್ಟಿದ್ದರು. ಗಿರೀಶ ನಮ್ಮ ಮೂವರಿಗೂ ಗೈಡೆಡ್ ಟೂರ್ ಬುಕ್ ಮಾಡಿದ್ದ. ಚಿಕ್ಕ ಟೂರ್, ಒಂದು ಗಂಟೆಯೂ ಇಲ್ಲ.

ಅವ್ವನ ಸಂಭ್ರಮ ಏನು ಹೇಳಲಿ! ಅವಳ ಶಾಲೆಯ ಲೈಬ್ರರಿಯಲ್ಲಿ ಆ ಚಿತ್ರಗಳ ಒಂದು ದಪ್ಪ ಪುಸ್ತಕ ಇತ್ತಂತೆ, ಎಲ್ಲಾ ಕಪ್ಪು-ಬಿಳುಪು. ಅದನ್ನು ನೋಡಿ ನೋಡಿ ಬೋರ್ಡಿನ ಮೇಲೆ ಬಿಡಿಸಿ ವರ್ಷಗಟ್ಟಲೆ ಹುಡುಗಿಯರಿಗೆ ಕಲಿಸಿದ್ದಳು. ಬಣ್ಣ ಯಾವುದೆಂದು ಅವಳಿಗೇ ಗೊತ್ತಿರಲಿಲ್ಲ. ಅಂದು ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ನಾನು ಸಿಡ್ನಿಯಲ್ಲಿ ಕೊಡಿಸಿದ ಕಂದು ಪಟ್ಟಿಯ ಚಪ್ಪಲಿ ಮೆಟ್ಟಿ, ನಮಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಗೈಡ್ ಬೆಳ್ಳಿ ಕೂದಲಿನ ಹೆಂಗಸು, ಮಾರ್ಗರೆಟ್ ಅಂತ. ನಮ್ಮ ಗುಂಪಿನಲ್ಲಿ ಹತ್ತು ಹನ್ನೆರಡು ಜನ. ಅದರಲ್ಲಿ ಅವ್ವನ ವಯಸ್ಸಿನ ಒಬ್ಬ ಇಟಾಲಿಯನ್ ಮುದುಕಿ ಮಗಳ ಜೊತೆ ಬಂದಿದ್ದಳು. ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮ್ಮವ್ವನದೂ ಹಾಗೇ. ಮೊದಲ ಕೋಣೆ ದಾಟುವುದರೊಳಗೆ ಇಬ್ಬರೂ ಕೈ ಕೈ ಹಿಡಿದುಕೊಂಡು ಒಬ್ಬರಿಗೊಬ್ಬರು ಚಿತ್ರ ತೋರಿಸುತ್ತಿದ್ದರು. "ಅಕ್ಕಾ, ಅವ್ವಗ ಗೆಳತಿ ಸಿಕ್ಕಳು, ನಾವಿಬ್ಬರೂ ಇನ್ನ ವೇಸ್ಟ್" ಎಂದು ಗಿರೀಶ ನಕ್ಕ.

ಎರಡನೇ ಕೋಣೆಯಲ್ಲಿ ಅದು ಶುರುವಾಯಿತು. ಕೆಂಪು ಟೋಪಿಯ ಗಂಡಸಿನ ಚಿತ್ರವೊಂದರ ಮುಂದೆ ಮಾರ್ಗರೆಟ್ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಅವಳು ಹೇಳುವುದು ನನಗೆ ಗೊತ್ತಿತ್ತು. ಮುಖ ನೋಡಬೇಡಿ, ಕೈ ನೋಡಿ ಅನ್ನುತ್ತಾಳೆ. ಅಂದಳು. ಈಗ ಹಿಂದಿನವರ ಕೈಯಿಂದ ಛತ್ರಿ ಬೀಳುತ್ತದೆ ಅಂದುಕೊಂಡೆ. ಬಿತ್ತು. ಮಾರ್ಗರೆಟ್ ಎರಡು ಸಲ ಕೆಮ್ಮಿ 'ಸಾರಿ' ಅನ್ನುತ್ತಾಳೆ. ಕೆಮ್ಮಿದಳು, ಅಂದಳು.

ಇದನ್ನು ನಾನು ಸರಿಯಾಗಿ ಹೇಳಬೇಕು. ನನಗೆ ಮುಂದಿನದು ಕಾಣುತ್ತಿರಲಿಲ್ಲ, ದೇವರು ಮೈಮೇಲೆ ಬರಲಿಲ್ಲ. ನಿನ್ನೆ ಏನು ಅಡುಗೆ ಮಾಡಿದ್ದೆ ಅಂದರೆ ನೆನಪಾಗುತ್ತದಲ್ಲ, ಅಷ್ಟೇ ಸಲೀಸಾಗಿ ನೆನಪಾಗುತ್ತಿತ್ತು. ಆ ಟೂರ್ ನಾನು ಒಮ್ಮೆ ಮುಗಿಸಿಬಿಟ್ಟಿದ್ದೆ ಅನ್ನುವ ಹಾಗೆ.

ಗಿರೀಶನ ತೋಳು ಹಿಡಿದು, ಮುಂದಿನ ಕೋಣೆಯ ಬಲಗೋಡೆಯ ಮೇಲೆ ಒಂದು ದುಂಡನೆಯ ಚಿತ್ರ ಇದೆ, ಅದರಲ್ಲಿ ಒಂದು ದೇವದೂತನ ರೆಕ್ಕೆಯ ಬಣ್ಣ ಉದುರಿದೆ ಅಂದೆ. ಅವನು ಹೋಗಿ ಇಣುಕಿ ಬಂದ. "ಅದ. ವೆಬ್‌ಸೈಟ್ ನೋಡ್ಕೊಂಡ ಬಂದು ನನ್ನ ಮುಂದ ಸ್ಟೈಲ್ ಹೊಡೀತಿ ಏನ?" ಅಂದ. ನಾನು ಯಾವ ವೆಬ್‌ಸೈಟನ್ನೂ ನೋಡಿರಲಿಲ್ಲ. ಟಿಕೆಟ್ ಕೂಡ ಅವನ ಜೇಬಿನಲ್ಲೇ ಇತ್ತು.

ಹಾಗಾದರೆ ಮುಂದೇನು ಎಂದು ನಾನೇ ನೆನಪು ಮಾಡಿಕೊಳ್ಳಲು ಹೋದೆ. ಹೋಗಬಾರದಿತ್ತು. ದುಂಡು ಚಿತ್ರದ ಕೋಣೆಯ ಆಚೆ ಕೊನೆಯ ಕೋಣೆ. ಗೋಡೆಗಳಿಗೆ ಕಡುಗೆಂಪು ಬಣ್ಣ. ನಡುವೆ ಒಂದು ಬೆಂಚು. ಬೆಂಚಿನ ಬುಡದಲ್ಲಿ ಜನ ಮಂಡಿಯೂರಿ ಬಗ್ಗಿದ್ದಾರೆ. ಅವರ ಸಂದಿನಿಂದ ಎರಡು ಬರಿಗಾಲು ಕಾಣುತ್ತಿವೆ, ವಯಸ್ಸಾದ ಹೆಂಗಸಿನ ಪಾದ, ಹಿಮ್ಮಡಿ ಒಡೆದಿದೆ. ನಾನು ಬಾಗಿಲಲ್ಲಿ ನಿಂತಿದ್ದೇನೆ. ನನ್ನ ಕೈಯಲ್ಲಿ ಅವ್ವನ ಕಂದು ಪಟ್ಟಿಯ ಚಪ್ಪಲಿ, ಒಂದೇ ಒಂದು. ಅಲ್ಲಿಂದ ಮುಂದೆ ನೆನಪು ಇರಲಿಲ್ಲ.

ತಟ್ಟನೆ ಅವ್ವನ ಕಾಲು ನೋಡಿದೆ. ಚಪ್ಪಲಿ ಇದ್ದವು. ಸದ್ಯ ಅಂದುಕೊಂಡೆ. ಮಿದುಳು ಒಮ್ಮೊಮ್ಮೆ ಹೀಗೆ ಆಟ ಆಡಿಸುತ್ತದೆ, ನಿದ್ದೆ ಕಡಿಮೆಯಾಗಿದೆ, ಚಹಾ ಕುಡಿದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲ್ಯಾಬಿನವಳಲ್ಲವೇ, ಕಾರಣಗಳಿಗೆ ಏನು ಬರ. ಆದರೂ ಚಿತ್ರ ನೋಡುವುದು ಅಲ್ಲಿಗೆ ಮುಗಿಯಿತು. ಅವ್ವನ ಮುಖದ ಬಣ್ಣ, ಅವ್ವನ ಉಸಿರು, ಅವ್ವ ಹಣೆ ಒರೆಸಿಕೊಂಡಳೇ, ಇಷ್ಟೇ ನನ್ನ ಟೂರ್.

ಮೂರನೇ ಕೋಣೆಯಲ್ಲಿ ಮಗು ಎತ್ತಿಕೊಂಡ ತಾಯಿಯ ಚಿತ್ರವಿತ್ತು. ಅವ್ವ ಬೋರ್ಡಿನ ಮೇಲೆ ಎಷ್ಟೋ ಸಲ ಬಿಡಿಸಿದ್ದು ಅದನ್ನೇ. ಅವಳು ಗುಂಪು ಬಿಟ್ಟು ಮುಂದೆ ಹೋಗಿ ನಿಂತಳು. ಕಣ್ಣಲ್ಲಿ ನೀರು. "ಸೆರಗು ನೀಲಿ ಅದ ನೋಡ ತಂಗಿ. ನಾ ಇಷ್ಟ ವರ್ಷ ಹಸರಂತ ತಿಳಕೊಂಡಿದ್ದೆ" ಅಂದಳು. ಅವಳ ಹೆಗಲ ಮೇಲೆ ಕೈ ಇಟ್ಟೆ. ಇಟ್ಟು, ಕೆಳಗೆ ನೋಡಿದೆ.

ಅವ್ವನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅವ್ವಾ, ಚಪ್ಪಲ್ ಎಲ್ಲಿ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಬಾಗಲಾಗ ಬಿಟ್ಟೇನಿ. ಇಂಥಾ ಚಿತ್ರದ ಮುಂದ ಚಪ್ಪಲ್ ಹಾಕ್ಕೊಂಡು ಹೆಂಗ ನಿಲ್ಲೋದವಾ, ಮನಸ್ಸು ಬರಲಿಲ್ಲ."

ನಮ್ಮವರಲ್ಲದೆ ಬೇರೆ ಯಾರಾದರೂ ಈ ಕೆಲಸ ಮಾಡುತ್ತಾರೆಯೇ ಹೇಳಿ. ಟಿಕೆಟ್ ತೆಗೆಸಿ ಒಳಗೆ ಬಂದ ಮ್ಯೂಸಿಯಮ್ಮಿನಲ್ಲಿ, ಕೋಣೆಯ ಹೊಸ್ತಿಲ ಹತ್ತಿರ, ಗುಡಿಯ ಮುಂದೆ ಬಿಟ್ಟ ಹಾಗೆ ಚಪ್ಪಲಿ ಬಿಟ್ಟಿದ್ದಳು. ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆ.

ಮಾರ್ಗರೆಟ್ ಕೈಯೆತ್ತಿ, ಇನ್ನೊಂದೇ ಕೋಣೆ ಉಳಿದಿದೆ, ಅಲ್ಲಿ ಬೆಂಚಿದೆ, ದಣಿದವರು ಕೂರಬಹುದು ಅಂದಳು. ಬೆಂಚು ಅಂದ ಕೂಡಲೇ ನಾನು ಅವ್ವನ ರಟ್ಟೆ ಹಿಡಿದೆ. "ಸಾಕು, ಹೊರಗ ನಡಿ ಹೋಗೂಣು" ಅಂದೆ.

"ಹುಚ್ಚಿ ಏನ ನೀ? ಇನ್ನೊಂದು ಖೋಲಿ ಅದ ಅಂತಾರಲ್ಲ. ಮತ್ತ ನಾ ಯಾವಾಗ ನೋಡ್ಲಿ ಇದನ್ನ?"

"ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ."

"ಅಕ್ಕಾ, ಸೀನ್ ಮಾಡಬ್ಯಾಡ. ಎಲ್ಲಾರೂ ನೋಡಾಕತ್ತಾರ" ಎಂದು ಗಿರೀಶ ಹಲ್ಲು ಕಚ್ಚಿ ಹೇಳಿದ.

ಅವ್ವ ಕೈ ಬಿಡಿಸಿಕೊಂಡು ಕೊನೆಯ ಕೋಣೆಯ ಕಡೆ ತಿರುಗಿಯೇಬಿಟ್ಟಳು. ಏನು ಹೇಳಿದರೆ ನಿಲ್ಲುತ್ತಾಳೆ ಎಂದು ನನಗೆ ಗೊತ್ತಿತ್ತು. ನನಗೆ ತಲೆ ತಿರುಗುತ್ತಿದೆ, ಬೀಳುತ್ತೇನೆ ಅಂದೆ. ಅಷ್ಟೇ. ಆಯುಷ್ಯವಿಡೀ ಕಾದ ಚಿತ್ರಗಳಿಗೆ ಅವ್ವ ಬೆನ್ನು ಹಾಕಿದಳು. "ಅಯ್ಯ ನನ್ನ ಕೂಸ, ಮೊದಲ ಹೇಳಬಾರದೇನ? ನಡಿ ನಡಿ. ಗಿರ್ಯಾ, ಹಿಡಕೊಳ್ಳೊ ಅಕ್ಕನ್ನ" ಎಂದು ತಾನೇ ನನ್ನ ಸೊಂಟ ಬಳಸಿ, ಹತ್ತಿರದ ಇನ್ನೊಂದು ಬಾಗಿಲಿನಿಂದ ಹೊರಗಿನ ಹಾಲಿಗೆ ನಡೆಸಿಕೊಂಡು ಬಂದಳು. ಆ ಇಟಾಲಿಯನ್ ಮುದುಕಿ ಹಿಂದಿನಿಂದ ಕೈ ಬೀಸಿದ್ದು ಕಂಡಿತು. ಅವ್ವನೂ ಬೀಸಿದಳು.

ಹಾಲಿನಲ್ಲಿ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿದೆ. ಗಿರೀಶ ನೀರು ತರಲು ಹೋದ. ಅವ್ವನ ನಾಡಿ ಹಿಡಿದು ನೋಡಿದೆ, ಚೆನ್ನಾಗಿ ಬಡಿಯುತ್ತಿತ್ತು. "ತಲಿ ತಿರಗೋದು ನಿನಗ, ನಾಡಿ ನಂದು ನೋಡ್ತಿ" ಅಂದಳು. ನನಗೆ ನಗು ಬಂತು, ಅಳುವೂ ಬಂತು. ತಪ್ಪಿಸಿಬಿಟ್ಟೆ ಅಂದುಕೊಂಡೆ. ಯಾರಿಗೂ ಗೊತ್ತಾಗದ ಹಾಗೆ ಗೆದ್ದುಬಿಟ್ಟೆ ಅನ್ನುವ ಸಂತೋಷ.

ಅಷ್ಟರಲ್ಲಿ ಅವ್ವ ಎದ್ದಳು. ನೆಲ ತಣ್ಣಗಿದೆ, ಹೋಗಿ ಚಪ್ಪಲಿ ಹಾಕಿಕೊಂಡು ಬರುತ್ತೇನೆ ಅಂದಳು. ಅವಳನ್ನು ಮತ್ತೆ ಆ ಕಡೆ ಬಿಡುತ್ತೇನೆಯೇ? "ಕೂತಲ್ಲಿಂದ ಅಳ್ಳಾಡಿದರ ನೋಡ" ಎಂದು ಗದರಿಸಿ ನಾನೇ ಓಡಿದೆ.

ಮೂರನೇ ಕೋಣೆಯಲ್ಲಿ ಯಾರೂ ಇರಲಿಲ್ಲ. ಗುಂಪು ಮುಂದೆ ಹೋಗಿತ್ತು. ಹೊಸ್ತಿಲ ಪಕ್ಕ ಅವ್ವನ ಚಪ್ಪಲಿಗಳಿದ್ದವು. ಬಗ್ಗಿ ಒಂದನ್ನು ಕೈಗೆತ್ತಿಕೊಂಡೆ. ಇನ್ನೊಂದಕ್ಕೆ ಕೈ ಚಾಚಿದಾಗ ಅದರ ಪಕ್ಕದಲ್ಲಿ ಇನ್ನೊಂದು ಜೊತೆ ಕಂಡಿತು. ಹೆಂಗಸರ ಕಪ್ಪು ಬೂಟು, ಹಳೆಯವು, ನೀಟಾಗಿ ಗೋಡೆಗೆ ಹೊಂದಿಸಿ ಇಟ್ಟಿದ್ದವು. ಇವು ಯಾರವು ಎಂದು ನೋಡುತ್ತಿದ್ದಂತೆ ಕೊನೆಯ ಕೋಣೆಯಿಂದ ದಪ್ಪ್ ಎಂದು ಸದ್ದಾಯಿತು. ಆಮೇಲೆ ಒಬ್ಬಳು ಚೀರಿದಳು.

ನಾನು ಹೋಗಿ ಬಾಗಿಲಲ್ಲಿ ನಿಂತೆ. ಕಡುಗೆಂಪು ಗೋಡೆ. ಬೆಂಚು. ಮಂಡಿಯೂರಿದ ಜನ. ಅವರ ಸಂದಿನಿಂದ ಎರಡು ಬರಿಗಾಲು, ಒಡೆದ ಹಿಮ್ಮಡಿ. ನನ್ನ ಕೈಯಲ್ಲಿ ಒಂದು ಚಪ್ಪಲಿ.

ಒಂದು ಕ್ಷಣ ಅದು ಅವ್ವನೇ ಅಂದುಕೊಂಡೆ. ಹಾಲಿನಲ್ಲಿ ಕೂರಿಸಿ ಬಂದದ್ದೇ ಸುಳ್ಳು, ಇದೇ ನಿಜ ಅನ್ನಿಸಿತು. ಇಟಾಲಿಯನ್ ಮುದುಕಿಯ ಮಗಳು "ಮಮ್ಮಾ, ಮಮ್ಮಾ" ಎಂದು ಅಳುವುದು ಕೇಳಿದ ಮೇಲೆ ಬುದ್ಧಿ ಬಂತು. ಅಲ್ಲಿಂದ ಹೇಗೆ ಓಡಿದೆನೋ ತಿಳಿಯದು. ಅವ್ವ ಕುರ್ಚಿಯ ಮೇಲೆ ಕೂತು ನೀರು ಕುಡಿಯುತ್ತಾ, ಬಾಟಲಿ ನೀರಿಗೆ ದುಡ್ಡು ಕೊಟ್ಟನೆಂದು ಗಿರೀಶನನ್ನು ಬೈಯುತ್ತಿದ್ದಳು. ನಾನು ಹೋಗಿ ಅವಳ ತೊಡೆಯ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಆಂಬುಲೆನ್ಸಿನವರು ನಮ್ಮ ಮುಂದೆಯೇ ಸ್ಟ್ರೆಚರ್ ತಳ್ಳಿಕೊಂಡು ಒಳಗೆ ಹೋದರು. ಇನ್ನೊಂದು ಚಪ್ಪಲಿಯನ್ನು ಗಿರೀಶ ಹೋಗಿ ತಂದ. ಯಾರಿಗೋ ಹುಷಾರಿಲ್ಲ, ನಡಿ ಎಂದು ಅವ್ವನನ್ನು ಎಬ್ಬಿಸಿಕೊಂಡು ಹೊರಟೆವು.

ಟ್ರಾಮಿನಲ್ಲಿ ಅವ್ವ ತಾನಾಗಿಯೇ ಹೇಳಿದಳು. "ನಾ ಚಪ್ಪಲ್ ಬಿಟ್ಟಿದ್ದು ನೋಡಿ ಆಕಿನೂ ನಗಕೋತ ಬೂಟು ಬಿಟ್ಟಳು. ಪಾಪ, ಭಾಳ ಛಲೋ ಹೆಣಮಗಳು. ಹೆಸರ ಕೇಳಬೇಕಾಗಿತ್ತು."

ಮರುದಿನ ಗಿರೀಶ ಮ್ಯೂಸಿಯಮ್ಮಿಗೆ ಫೋನ್ ಮಾಡಿ ಆ ಮುದುಕಿಯ ಬಗ್ಗೆ ವಿಚಾರಿಸಿದ. ಇನ್ನೊಬ್ಬರ ಆರೋಗ್ಯದ ವಿಷಯ ಹೇಳುವ ಹಾಗಿಲ್ಲ ಎಂದು ನಯವಾಗಿ ಹೇಳಿದರು. ಆಕೆ ಉಳಿದಳೋ ಇಲ್ಲವೋ ನಮಗೆ ಇಂದಿಗೂ ಗೊತ್ತಿಲ್ಲ. ನಡೆದದ್ದನ್ನೆಲ್ಲ ಗಿರೀಶನಿಗೆ ಹೇಳಿದೆ. "ಅಕ್ಕಾ, ನೀ ಅವ್ವನ ಬಗ್ಗೆ ಟೆನ್ಶನ್ ಭಾಳ ಮಾಡ್ಕೊಳ್ತಿ" ಅಂದ ಅವನು. ನಾನೂ ಅವನ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ.

ನನಗೆ ತಿಳಿಯದ್ದು ಇದು. ನನಗೆ ನೆನಪಾದದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಆ ಪಾದ ಯಾರದು ಅನ್ನುವುದೊಂದು ಬಿಟ್ಟು. ಮುಖವನ್ನು ನಾನು ನೋಡಿರಲೇ ಇಲ್ಲ, ಅವ್ವನದೆಂದು ನಾನೇ ಅಂದುಕೊಂಡೆ. ಹಾಗಾದರೆ ಅದು ಮೊದಲಿನಿಂದಲೂ ಆ ಮುದುಕಿಯದೇ ಆಗಿತ್ತೇ? ಅಥವಾ ಬೆಂಚಿನ ಮೇಲೆ ಕೂರಬೇಕಾದ ಅವ್ವನನ್ನು ನಾನು ಎಳೆದುಕೊಂಡು ಬಂದದ್ದಕ್ಕೆ ಅವಳ ಬದಲು ಆಕೆ ಕೂತಳೇ? ಇಷ್ಟು ವರ್ಷ ಯೋಚಿಸಿದ್ದೇನೆ. ಒಂದು ದಿನ ಒಂದು ಉತ್ತರ ಸರಿ ಅನ್ನಿಸುತ್ತದೆ, ಮರುದಿನ ಇನ್ನೊಂದು.

ಅವ್ವ ಈಗಲೂ ಧಾರವಾಡದಲ್ಲಿ ಗಟ್ಟಿಯಾಗಿದ್ದಾಳೆ. ಓಣಿಯ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಾಳೆ. ಆ ದಿನದ್ದೇನೂ ಅವಳಿಗೆ ನಾನು ಹೇಳಿಲ್ಲ. ಭಾನುವಾರ ಫೋನ್ ಮಾಡಿದಾಗ ಒಮ್ಮೊಮ್ಮೆ ಕೇಳುತ್ತಾಳೆ.

"ಅಲ್ಲ ತಂಗಿ, ಆ ಕಡೀ ಖೋಲಿಯೊಳಗ ಯಾವ ಚಿತ್ರ ಇತ್ತು? ನೀ ಚಪ್ಪಲ್ ತರಾಕ ಹೋದಾಗ ಇಣುಕಿ ನೋಡಿ ಬಂದೀ ಅಲ್ಲ?"

"ನಾ ಗೋಡಿ ಕಡೆ ನೋಡಲಿಲ್ಲವ್ವ."

"ಮತ್ತೇನ ನೋಡಿದಿ ಅಲ್ಲಿ ನಿಂತು?"

ನಾನು ಬಿಪಿ ಗುಳಿಗೆ ತಗೊಂಡಿಯೇನು ಎಂದು ಕೇಳುತ್ತೇನೆ.