ಕುದುರೆ ಸವಾರನೂ ನಮ್ಮ ಮನೆಯ ಕುರಿಗಳೂ

ನಾನು ಓದಿದ ಕಾನ್ವೆಂಟ್ ಶಾಲೆಯ ಹಾಲ್‌ನಲ್ಲಿ ಸಿಸ್ಟರುಗಳು ವರ್ಷಕ್ಕೊಮ್ಮೆ ತೋರಿಸುತ್ತಿದ್ದ ಆ ಹಳೆಯ ಕೌಬಾಯ್ ಸಿನಿಮಾವನ್ನು ಮೂರು ಸಲ ನೋಡಿದ್ದೆ. ನಾಯಕನಿಗೆ ಮಾತು ಕಡಿಮೆ. ಮನೆಯೊಳಗೆ ಬರುವ ಮುಂಚೆ ಟೋಪಿಯ ಧೂಳನ್ನು ತೊಡೆಗೆ ಬಡಿದುಕೊಳ್ಳುತ್ತಾನೆ; ತಾನು ಕುಡಿಯುವ ಮೊದಲು ಕುದುರೆಗೆ ನೀರು ಕುಡಿಸುತ್ತಾನೆ. ಅಂಥವನು ಯಾರಿಗೂ ಅನ್ಯಾಯ ಮಾಡಲಾರ ಎಂದು ನಂಬಿದ್ದೆ.

ಕಳೆದ ತಿಂಗಳು ಆ ಸಿನಿಮಾ ಮೊಬೈಲಿನಲ್ಲಿ ಸಿಕ್ಕಿತು. ಟಿವಿಗೆ ಹಾಕಿ ಅತ್ತೆಯನ್ನೂ ಕರೆದು ಕೂರಿಸಿಕೊಂಡೆ. ನಾನು ಮದುವೆಯಾಗಿ ಬಂದ, ಮಾಗಡಿ ಪಕ್ಕದ ಈ ಮನೆಯಲ್ಲಿ ತಲೆಮಾರುಗಳಿಂದ ಕುರಿ ಸಾಕಣೆ. ಅತ್ತೆಗೆ ಇಂಗ್ಲಿಷ್ ಬಾರದು, ನಾನು ಹೇಳಿದ್ದೇ ಕಥೆ. ನನಗೆ ಪ್ರಿಯವಾದದ್ದೊಂದನ್ನು ಅವರೂ ಮೆಚ್ಚಲಿ ಎಂಬ ಆಸೆ.

"ಇದು ನಮ್ ರಾಮನಗರದ ಬೆಟ್ಟ ಕಣವ್ವ."

"ಅಲ್ಲ ಅತ್ತೆ, ಅಮೆರಿಕ."

"ಬಂಡೆಗೆ ಯಾವ ದೇಸ, ಸುಮ್ಕಿರು."

ಅರ್ಧ ಕಥೆಗೆ ಒಬ್ಬ ಮುದುಕ ಕುರಿಮಂದೆಯನ್ನು ಹೊಳೆಗೆ ಹೊಡೆದುಕೊಂಡು ಬಂದ. ನನ್ನ ನಾಯಕ ಗಾಳಿಯಲ್ಲಿ ಗುಂಡು ಹಾರಿಸಿದ. ಕುರಿಗಳು ಚದುರಿದವು. ಅವನು ಏನೋ ಅಂದ, ಜೊತೆಯವರು ನಕ್ಕರು. ಈ ದೃಶ್ಯ ನನಗೆ ಮರೆತೇಹೋಗಿತ್ತು. ಶಾಲೆಯಲ್ಲಿ ಸಿನಿಮಾ ಇಲ್ಲಿಗೆ ಬಂದಾಗ ಹಾಲ್ ಪೂರ್ತಿ ನಗುತ್ತಿತ್ತು. ನಾನೂ ನಗುತ್ತಿದ್ದೆ.

"ಏನಂದ ಅವ್ನು?"

"ಆ ಕಡೆ ಹೊಡ್ಕೊಂಡು ಹೋಗು ಅಂದ, ಅತ್ತೆ."

"ಸುಳ್ಳು ಹೇಳ್ಬ್ಯಾಡ. ಮರಿ ಬೆದ್ರಿರೋದು ನಂಗೆ ಕಾಣಾಕಿಲ್ವಾ? ನಮ್ ಕಡೆ ಹೊಲದೋರು ಎಲೆ ಅಡಿಕೆ ಕೊಟ್ಟು ಕರೀತಾರೆ, ನಮ್ ಹೊಲದಾಗೊಂದಿನ ಮಂದೆ ಮಲಗ್ಸಿ, ಗೊಬ್ರ ಆಯ್ತದೆ ಅಂತ. ಇವ್ನು ಗುಂಡು ಹೊಡೀತಾವ್ನಲ್ಲ! ದಿಟ ಹೇಳು."

ಹೇಳಿದೆ. ಕುರಿ ಮುಟ್ಟಿದ ನೀರನ್ನು ದನವೂ ಕುಡಿಯಲ್ಲ, ಕುರಿಗಿಂತ ಕುರಿಯವನ ನಾತ ಹೆಚ್ಚು, ಅಂದ ಎಂದೆ.

ಅತ್ತೆ ಸೆರಗಿನ ತುದಿಯನ್ನು ಮೂಗಿನ ಹತ್ತಿರ ಹಿಡಿದರು. ಬೆಳಿಗ್ಗೆ ಅದರಲ್ಲೇ ಮರಿಯನ್ನು ಸುತ್ತಿಕೊಂಡು ಬಂದಿದ್ದರು.

"ಇವ್ನೇನಾ ನೀನು ಅಷ್ಟೊಂದು ಹೊಗುಳ್ತಿದ್ದೋನು?"

ಇಷ್ಟು ವರ್ಷ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ನಾಯಕ ನನ್ನ ಮನೆಯಲ್ಲೇ, ನನ್ನ ಬಾಯಿಂದಲೇ ಅತ್ತೆಯನ್ನು ಬೈಸಿದ್ದ. ಕಡೆಯ ದೃಶ್ಯ ಬಂತು: ಇಳಿಬಿಸಿಲು, ಕೆಂಧೂಳು, ದೂರವಾಗುವ ಒಂಟಿ ಕುದುರೆ. ಈಗಲೂ ಅಷ್ಟೇ ಚೆಂದ. ನನಗೆ ಸಿಟ್ಟು ಬಂದದ್ದು ಅದಕ್ಕೇ.

"ಆ ಮುದುಕ ಎಲ್ಲೋದ?" ಅತ್ತೆ ಕೇಳಿದರು.

"ಆಮೇಲೆ ಅವನನ್ನ ತೋರಿಸಲ್ಲ ಅತ್ತೆ."

"ಕುರಿ ಸಿಕ್ಕಿದ್ವೋ ಇಲ್ವೋ, ಅದೂ ಇಲ್ವಾ?"

"ಇಲ್ಲ."

ಅತ್ತೆ ಎದ್ದು ಹಿತ್ತಲಿಗೆ, ಕುರಿಗಳ ಹತ್ತಿರ ಹೋದರು. ಹಿಂದೆಯೇ ಹೋಗಲು ನನಗೆ ಮುಖವಿರಲಿಲ್ಲ.