‘ತೂ’ ಮತ್ತು ‘ತುಮ್ಹಿ’ಗಳ ನಡುವೆ

ಧಾರವಾಡದಿಂದ ಪುಣೆಗೆ ಬಂದ ಹೊಸದರಲ್ಲಿ ನನಗೆ ಮರಾಠಿ ಕಲಿಸಿದವರು ಸ್ವಾರಗೇಟ ಹತ್ತಿರದ ಲಾರಿ ಆಫೀಸಿನ ಹಮಾಲರು. ನಾನು ಅಲ್ಲಿ ಬುಕಿಂಗ್ ಕ್ಲಾರ್ಕ್. ಹಮಾಲರೊಳಗೆ ಹಿರಿಯ ಕಿರಿಯ ಎನ್ನದೆ ಎಲ್ಲರೂ ‘ತೂ’, ಅಂದರೆ ನೀನು. ಊರಲ್ಲಿ ತರಕಾರಿ ಮಾರುವವಳಿಗೂ ‘ರೀ’ ಹಚ್ಚಿ ಮಾತಾಡುತ್ತಿದ್ದ ನಾನು, ಮರಾಠಿಯ ರೀತಿಯೇ ಹೀಗೆ ಎಂದುಕೊಂಡೆ.

ನನ್ನ ಕೋಣೆಯ ಮಾಲಕಿ ನಿವೃತ್ತ ಶಿಕ್ಷಕಿ. ಸಂಜೆ ಮೆಟ್ಟಿಲು ಹತ್ತುವಾಗ ಪ್ರೀತಿಯಿಂದಲೇ ಕೇಳುತ್ತಿದ್ದೆ, ‘ಆಜಿ, ತೂ ಜೇವಲೀಸ ಕಾ?’ ಅಜ್ಜಿ, ನೀನು ಉಂಡೆಯಾ ಅಂತ. ಮೊದಮೊದಲು ತಲೆಯಾಡಿಸುತ್ತಿದ್ದರು. ಆಮೇಲೆ ನನ್ನ ಸಪ್ಪಳ ಕೇಳಿದರೆ ಬಾಗಿಲು ಮುಂದೆ ಮಾಡತೊಡಗಿದರು.

ಒಂದು ಸಲ ಆಫೀಸಿನ ಅಕೌಂಟೆಂಟ್, ಬೆಳಗಾವಿಯವರು, ನನ್ನ ಜೊತೆ ಕೋಣೆಗೆ ಬಂದಿದ್ದರು.

‘ಏನೋ ತಮ್ಮಾ, ಆ ಹಿರಿ ಹೆಣ್ಮಗಳಿಗೆ ನೀ ಅಂತ ಮಾತಾಡ್ತಿ?’

‘ಹಮಾಲರು ಹಂಗ ಮಾತಾಡ್ತಾರಲ್ರಿ.’

‘ಅವರು ತಮ್ಮ ತಮ್ಮೊಳಗ ಮಾತಾಡ್ತಾರ. ನೀ ಆಕಿ ಮೊಮ್ಮಗ ಅಲ್ಲ. ತುಮ್ಹಿ ಅನಬೇಕು, ನೀವು ಅಂತ.’

ಮರುದಿನದಿಂದ ಎಲ್ಲರಿಗೂ ‘ತುಮ್ಹಿ’. ಮತ್ತೆ ತಪ್ಪುವುದು ಬೇಡವೆಂದು ಹಮಾಲರಿಗೂ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ದಿನವೂ ಸರಿದು ಜಾಗ ಕೊಡುತ್ತಿದ್ದ ಹಿರಿಯ ಹಮಾಲ ಅಂದು ಸರಿಯಲಿಲ್ಲ. ಸಾಹೇಬರು ಒಳಗೇ ಕೂತು ಉಣ್ಣಲಿ ಎಂದು ಮರಾಠಿಯಲ್ಲಿ ಹೇಳಿದ. ತಿಳಿಸಿ ಹೇಳುವಷ್ಟು ಮರಾಠಿ ನನ್ನಲ್ಲಿರಲಿಲ್ಲ. ಒಳಗೆ ಮೇಜಿನ ಮುಂದೆ ಕೂತು ಉಂಡೆ.

ಕೊನೆಗೆ ಎರಡೂ ಬೇಡದ ಮಾತು ಹುಡುಕಿಕೊಂಡೆ. ‘ಚಹಾ ಝಾಲಾ ಕಾ?’ ಚಹಾ ಆಯಿತೇ? ಯಾರದು ಎಂದು ಹೇಳಬೇಕಾಗಿಲ್ಲ. ಆದರೆ ಪ್ರತಿ ಮಾತನ್ನೂ ಬಾಯಿಗೆ ತರುವ ಮೊದಲು ಒಳಗೇ ಅಳೆದು ಸುರಿಯಬೇಕು. ಸಂಜೆಯ ಹೊತ್ತಿಗೆ ಸಾಕಾಗಿ, ಸುಮ್ಮನಿರುವುದೇ ಹೆಚ್ಚಾಯಿತು.

ಒಂದು ದಿನ ಮಾಲಕಿಯೇ ಬಾಗಿಲಲ್ಲಿ ನಿಂತು ಕೇಳಿದರು, ‘ಜೇವಲಾಸ ಕಾ ರೇ?’ ಉಂಡೆಯೇನೋ ಅಂತ. ನನಗೆ ‘ತೂ’.

‘ಹೋ. ತುಮ್ಹಿ?’ ಎಂದೆ.

ಅವರು ಸಣ್ಣಗೆ ನಕ್ಕರು. ಮಗನೂ ತಮಗೆ ‘ತೂ’ ಎನ್ನುತ್ತಾನಂತೆ. ಆದರೆ ನನ್ನ ಬಾಯಲ್ಲಿ ಅದು ಮಗನ ಮಾತಿನ ಹಾಗೆ ಕೇಳಿಸುತ್ತಿರಲಿಲ್ಲವಂತೆ. ‘ಈಗ ಸರಿಯಾಯಿತು’ ಎಂದು ಮರಾಠಿಯಲ್ಲೇ ಹೇಳಿ ಒಳಗೆ ಹೋದರು.

ಹಿರಿಯ ಹಮಾಲನಿಗೂ ಮತ್ತೆ ‘ತೂ’ ಎಂದು ನೋಡಿದೆ. ಯೋಚಿಸಿ ಅಂದ ‘ತೂ’ ಅದು, ಅವನಿಗೂ ಗೊತ್ತಾಗಿರಬೇಕು. ಸರಿದು ಜಾಗ ಕೊಟ್ಟ. ಇಬ್ಬರೂ ನಮ್ಮ ನಮ್ಮ ಡಬ್ಬಿ ನೋಡುತ್ತ ಉಂಡೆವು.