ಹನ್ನೆರಡು ಗಂಟೆ, ಬಲಮಗ್ಗುಲು

ಆ ಹುಡುಗಿಗೆ ಮನೆಯವರು ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೀದಿಯವರಿಗೆ, ಮೇಷ್ಟ್ರುಗಳಿಗೆ, ಕೊನೆಗೆ ಹೆತ್ತ ತಾಯಿಗೂ ಅವಳು ರ‍್ಯಾಂಕು. ಐದನೆಯ ತರಗತಿಯಿಂದ ಶಾಲೆಯ ಕೊನೆಯ ವರ್ಷದವರೆಗೆ ಮೊದಲ ಸ್ಥಾನವನ್ನು ಒಂದು ಸಲವೂ ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ. ವಿಜ್ಞಾನಕ್ಕೆ ಬಹುಮಾನ, ಪ್ರಥಮ ಚಿಕಿತ್ಸೆಯ ಸ್ಪರ್ಧೆಯಲ್ಲಿ ಬಹುಮಾನ, ಒಂದು ದಿನವೂ ತಪ್ಪಿಸದೆ ಬಂದದ್ದಕ್ಕೂ ಬಹುಮಾನ. ಜ್ವರ ಬಂದ ದಿನವೂ ಹೋಗಿ ಅರ್ಧ ತರಗತಿಗೆ ಜ್ವರ ಹಂಚಿ ಬಂದಿದ್ದಳು. ಅದನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ ಬಿಡಿ.

ಆದರೆ ಊರೆಲ್ಲ ಹೊಗಳುತ್ತಿದ್ದುದು ಅವಳ ಅಕ್ಷರವನ್ನು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು. ಮಗಳು ನಾಲ್ಕು ವರ್ಷದವಳಿದ್ದಾಗಲೇ ಕೈಗೆ ಕುಂಚ ಕೊಟ್ಟು ಕೂರಿಸಿದ್ದ. "ಓದೋರು ನಂಬಬೇಕು ಕಣೇ. ಅಕ್ಷರ ಸೊಟ್ಟಗಿದ್ರೆ ಅಂಗಡೀನೂ ಸೊಟ್ಟ ಅಂದ್ಕೋತಾರೆ ಜನ" ಎನ್ನುತ್ತಿದ್ದ. ಅವಳು ಬರೆದರೆ ಅಚ್ಚು ಹಾಕಿದಂತೆ ಇರುತ್ತಿತ್ತು. ಶಾಲೆಯ ಸೂಚನಾ ಫಲಕ, ಪ್ರಮಾಣಪತ್ರಗಳು, ಯಾರಾದರೂ ನಿವೃತ್ತರಾದರೆ ಓದಲು ಒಂದು ಮಾನಪತ್ರ, ಎಲ್ಲಕ್ಕೂ ಅವಳೇ ಬೇಕಿತ್ತು.

ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ಅಪ್ಪ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಮೂರು ತಿಂಗಳು ಹಾಸಿಗೆ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಲು ಬೆಳಿಗ್ಗೆ ಹೋದರೆ ಬರುವುದು ಸಂಜೆ. ರ‍್ಯಾಂಕು ಶಾಲೆಗೆ ಮೊದಲು, ಊಟದ ಬಿಡುವಿನಲ್ಲಿ, ಶಾಲೆ ಬಿಟ್ಟ ಮೇಲೆ ಓಡೋಡಿ ಬಂದು ಅಪ್ಪನ ಮೈ ಒರೆಸುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು. ಆ ಮೂರು ತಿಂಗಳಲ್ಲಿ ಅವನ ಬೆನ್ನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ನೋಡಲು ಬಂದ ಡಾಕ್ಟರೇ ಬೆರಗಾಗಿ, "ಇವಳನ್ನ ನರ್ಸಿಂಗಿಗೆ ಕಳಿಸಿ" ಎಂದು ಹೇಳಿಹೋದರು. ಅಂದಿನಿಂದ ಆ ಮನೆಯಲ್ಲಿ ಬೇರೆ ಮಾತೇ ಇಲ್ಲ.

ನರ್ಸಿಂಗ್ ಶಾಲೆಯಲ್ಲಿ ಪ್ರತಿ ವರ್ಷ ಇಬ್ಬರಿಗೆ ಮಾತ್ರ ಉಚಿತ ಸೀಟು. ಅಂಕ ಬೇಕು, ಅದು ಅವಳ ಬಳಿ ಬೇಕಾದಷ್ಟಿತ್ತು. ಅದರ ಜೊತೆಗೆ ಯಾವುದಾದರೂ ಆಸ್ಪತ್ರೆಯಲ್ಲೋ ಆರೈಕೆ ಮನೆಯಲ್ಲೋ ಮೂರು ತಿಂಗಳು ಕೆಲಸ ಮಾಡಿ, ಅಲ್ಲಿನ ಮೇಟ್ರನ್‌ರಿಂದ ಒಂದು ಪತ್ರ ತರಬೇಕು. ಆ ಪತ್ರವಿಲ್ಲದಿದ್ದರೆ ಅರ್ಜಿಯನ್ನು ತೆಗೆದುಕೊಳ್ಳುವುದೇ ಇಲ್ಲ. ಕೊನೆಯ ಪರೀಕ್ಷೆ ಮುಗಿದ ಮರುದಿನವೇ ಅವಳು ವಯಸ್ಸಾದವರ ಆರೈಕೆ ಮನೆಯೊಂದಕ್ಕೆ ಸೇರಿಕೊಂಡಳು.

ಅದು ಹಿಂದೆ ಗೋದಾಮಾಗಿದ್ದ ಕಟ್ಟಡ. ಉದ್ದನೆಯ ಒಂದೇ ಕೋಣೆ, ಎರಡು ಸಾಲು ಮಂಚ, ಒಟ್ಟು ಇಪ್ಪತ್ತೆರಡು. ಫಿನಾಯಿಲ್ ವಾಸನೆ, ಅದರಡಿ ಫಿನಾಯಿಲಿಗೂ ಬಗ್ಗದ ಇನ್ನೊಂದು ವಾಸನೆ. ಕೆಲಸಕ್ಕೆ ಮೂವರು ಆಯಾಗಳು. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷ ಮುದುಕರನ್ನು ಎತ್ತಿ ಎತ್ತಿ ಅವಳ ಸೊಂಟವೇ ಹೋಗಿತ್ತು. ಕೆಟ್ಟವಳಲ್ಲ, ದಣಿದವಳು.

ಎದ್ದು ಕೂರಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಅದಕ್ಕೆಂದೇ ಪ್ರತಿ ಮಂಚದ ಕಾಲ್ದೆಸೆಯಲ್ಲಿ ಒಂದು ಹಾಳೆ ತೂಗುಹಾಕಿರುತ್ತಿತ್ತು. ಎಂಟು ಗಂಟೆ, ಎಡಮಗ್ಗುಲು. ಹತ್ತು ಗಂಟೆ, ಅಂಗಾತ. ಹನ್ನೆರಡು ಗಂಟೆ, ಬಲಮಗ್ಗುಲು. ಪಕ್ಕದಲ್ಲಿ ಸಹಿ. ಆಯಾಗಳು ಅದನ್ನು ಸಂಜೆ ಹೋಗುವಾಗ ಒಟ್ಟಿಗೆ ಗೀಚಿ ಹೋಗುತ್ತಿದ್ದರು. ತಪಾಸಣೆಗೆ ಬಂದವರೊಬ್ಬರು ಆ ಗೀಚನ್ನು ನೋಡಿ ಮೇಟ್ರನ್‌ಗೆ ಚೆನ್ನಾಗಿ ಮಂಗಳಾರತಿ ಮಾಡಿದ್ದರಂತೆ.

ಅಷ್ಟರಲ್ಲಿ ಈ ಅಚ್ಚಿನಂಥ ಅಕ್ಷರದ ಹುಡುಗಿ ಬಂದಳು ನೋಡಿ.

"ಬೆಳಿಗ್ಗೇನೇ ಎಲ್ಲಾ ಹಾಳೇನೂ ಬರೆದಿಟ್ಬಿಡು ರ‍್ಯಾಂಕು" ಎಂದಳು ದೊಡ್ಡಕ್ಕ. "ಬರೆದಿರೋದನ್ನ ನೋಡ್ಕೊಂಡು ನಾವು ಮಾಡ್ತಾ ಹೋಗ್ತೀವಿ. ಮರೆಯೋದೂ ಇಲ್ಲ, ಬೈಸ್ಕೊಳ್ಳೋದೂ ಇಲ್ಲ."

"ಸಹೀನೂ ಹಾಕ್ಲಾ ದೊಡ್ಡಕ್ಕ?"

"ಹಾಕು, ಹಾಕು. ಯಾರ ಕೈ ಆದ್ರೇನು?"

ಹುಡುಗಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಹತ್ತು ವರ್ಷ ಅವಳು ಬದುಕಿದ್ದು ಶಾಲೆಯ ವೇಳಾಪಟ್ಟಿಯಲ್ಲಿ. ಮೂರನೆಯ ಪಿರಿಯಡ್ ಗಣಿತ ಎಂದು ಬರೆದಿದ್ದರೆ ಗಣಿತದ ಮೇಷ್ಟ್ರು ಬಂದೇ ಬರುತ್ತಿದ್ದರು. ಬರೆದದ್ದು ನಡೆಯುತ್ತದೆ ಎಂದು ಅವಳು ನಂಬಿದ್ದಳು. ಬೆಳಿಗ್ಗೆ ಏಳಕ್ಕೇ ಬಂದು, ಸ್ಕೇಲು ಇಟ್ಟು ಗೆರೆ ಎಳೆದು, ಇಡೀ ದಿನವನ್ನು ಬರೆದು ತೂಗುಹಾಕುತ್ತಿದ್ದಳು. ಮೇಟ್ರನ್ ನೋಡಿ ನೋಡಿ ಹಿಗ್ಗಿದರು. ಮುಂದಿನ ತಪಾಸಣೆಯಲ್ಲಿ ಹೊಗಳಿಕೆಯೂ ಬಂತು.

ನಾಲ್ಕನೆಯ ಮಂಚದಲ್ಲಿ ಟೈಲರಜ್ಜಿ ಇದ್ದಳು. ನಲವತ್ತು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದವಳು. ಪಾರ್ಶ್ವವಾಯು ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು, ನಾಲಿಗೆ ಮಾತ್ರ ಬಿದ್ದಿರಲಿಲ್ಲ. ಮೊದಲ ದಿನವೇ ಹುಡುಗಿಯನ್ನು ಹತ್ತಿರ ಕರೆದು, "ಈ ಕಾಲರ್ ಹೊಲಿದವನಿಗೆ ಕಣ್ಣು ಕಾಣ್ತಿತ್ತಾ?" ಎಂದು ಕೇಳಿದ್ದಳು. ಹುಡುಗಿ ಬಿದ್ದು ಬಿದ್ದು ನಕ್ಕಿದ್ದಳು. ಇಪ್ಪತ್ತೆರಡು ಜನರಲ್ಲಿ ಅವಳನ್ನು ಹೆಚ್ಚು ಹಚ್ಚಿಕೊಂಡವಳೆಂದರೆ ಈ ಅಜ್ಜಿಯೇ.

ಎರಡನೆಯ ತಿಂಗಳು ಒಬ್ಬ ಆಯಾ ಕೆಲಸ ಬಿಟ್ಟಳು. ಮೂವರ ಕೆಲಸ ಇಬ್ಬರ ಮೇಲೆ ಬಿತ್ತು. ಹುಡುಗಿಯನ್ನು ಔಷಧಿ ಅಂಗಡಿಗೆ, ಬಟ್ಟೆ ಒಗೆಯುವ ಕೋಣೆಗೆ, ಫೋನ್ ಎತ್ತಲು ಆಫೀಸಿಗೆ ಅಟ್ಟುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುತ್ತಿದ್ದಳು. ಹಾಳೆಗಳು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಒಂದು ದಿನ ಔಷಧಿ ತಂದು ಅವಳು ಒಳಗೆ ಬಂದಾಗ ಒಂದು ಗಂಟೆಯಾಗಿತ್ತು. ಟೈಲರಜ್ಜಿ ಅಂಗಾತ ಮಲಗಿದ್ದಳು.

"ನನ್ನನ್ನ ಸ್ವಲ್ಪ ತಿರುಗಿಸಮ್ಮ. ಬೆನ್ನು ಉರೀತಿದೆ. ಬೆಳಿಗ್ಗೆಯಿಂದ ಯಾರೂ ಮುಟ್ಟಿಲ್ಲ."

ಹುಡುಗಿ ಹಾಳೆಯತ್ತ ನೋಡಿದಳು. ಹನ್ನೆರಡು ಗಂಟೆ, ಬಲಮಗ್ಗುಲು. ಸಹಿ.

"ಈಗ ತಾನೇ ತಿರುಗಿಸಿದ್ದಾರಲ್ಲ ಅಜ್ಜಿ. ದಿಂಬು ಜಾರಿ ನೀವೇ ಅಂಗಾತ ಬಂದಿದ್ದೀರಿ. ಎರಡಕ್ಕೆ ಮತ್ತೆ ತಿರುಗಿಸ್ತಾರೆ."

"ಯಾರೇ ತಿರುಗಿಸಿದ್ದು?"

"ಇಲ್ಲಿ ಬರೆದಿದೆ ನೋಡಿ."

"ಬರೆದದ್ದು ಯಾರು?"

"ನಾನೇ ಅಜ್ಜಿ" ಎಂದಳು ಹುಡುಗಿ, ನಗುತ್ತಾ. ಆಫೀಸಿನಿಂದ ಯಾರೋ ಕೂಗಿದರು, ಓಡಿಹೋದಳು.

ಅಯ್ಯೋ, ಎಂಥ ಜಾಣೆ! ತಾನು ಏಳು ಗಂಟೆಗೆ ಬರೆದದ್ದನ್ನು ಒಂದು ಗಂಟೆಗೆ ತಾನೇ ಓದಿ ನಂಬಿದಳು. ಎದುರಿಗೆ ಮಲಗಿದ್ದ ಜೀವ ಬಾಯಿಬಿಟ್ಟು ಹೇಳುತ್ತಿದ್ದರೂ ನಂಬಲಿಲ್ಲ. ಅಪ್ಪ ಮಲಗಿದ್ದಾಗ ಯಾವ ಹಾಳೆ ಇತ್ತು ಇವಳಿಗೆ? ಅವನು ನರಳಿದರೆ ತಿರುಗಿಸುತ್ತಿದ್ದಳು, ಅಷ್ಟೇ. ಹೀಗೆ ಅಜ್ಜಿ ಇನ್ನೂ ಮೂರು ಸಲ ಕೇಳಿದಳು, ಮೂರು ಸಲವೂ ಹುಡುಗಿ ಹಾಳೆ ನೋಡಿಯೇ ಉತ್ತರ ಕೊಟ್ಟಳು.

ಅಜ್ಜಿಯ ಮಗಳು ಬಸ್ ಕಂಡಕ್ಟರ್. ವಾರದಲ್ಲಿ ಒಂದು ದಿನ ರಜೆ, ಆ ದಿನ ಸಮವಸ್ತ್ರದ ಬದಲು ತನ್ನಲ್ಲಿದ್ದ ಒಂದೇ ಒಂದು ಒಳ್ಳೆಯ ನೀಲಿ ಸೀರೆ ಉಟ್ಟುಕೊಂಡು ತಾಯಿಯನ್ನು ನೋಡಲು ಬರುತ್ತಿದ್ದಳು. ಆ ವಾರ ತಾಯಿ ಅವಳ ಮುಂದೆ ಎಲ್ಲ ಹೇಳಿಕೊಂಡಳು. ಮಗಳು ನೇರ ಮೇಟ್ರನ್ ಬಳಿ ಹೋಗಿ ಜಗಳಕ್ಕೇ ನಿಂತಳು.

ಮೇಟ್ರನ್ ಗಾಬರಿಯಾಗಲಿಲ್ಲ. ಇಪ್ಪತ್ತು ದಿನದ ಹಾಳೆಗಳನ್ನು ತರಿಸಿ ಮೇಜಿನ ಮೇಲೆ ಹರಡಿದರು. "ನೀವೇ ನೋಡಿಮ್ಮ. ಒಂದಾದ್ರೂ ತಪ್ಪಿದೆಯಾ ಹೇಳಿ. ವಯಸ್ಸಾದವ್ರಿಗೆ ನೆನಪು ನಿಲ್ಲಲ್ಲ, ಏನ್ ಮಾಡೋದು?"

ಮಗಳು ಒಂದೊಂದೇ ಹಾಳೆಯನ್ನು ಎತ್ತಿ ನೋಡಿದಳು. ಎಷ್ಟು ಅಂದವಾದ ಅಕ್ಷರ, ಎಷ್ಟು ನೇರವಾದ ಗೆರೆ. ಅವಳ ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ನಾಚಿಕೆ ಬಂತು. ಹಿಂದಿರುಗಿ ಬಂದು ತಾಯಿಯ ಮಂಚದ ಬಳಿ ನಿಂತಳು.

"ಸಾಕಮ್ಮ ನಿನ್ನ ಪುರಾಣ! ಮೊದಲಿಂದ್ಲೂ ಹೀಗೇ ನೀನು, ಯಾರು ಮಾಡಿದ್ರೂ ಸಾಲಲ್ಲ. ಇವ್ರು ಇಷ್ಟು ಮಾಡ್ತಿದ್ರೂ ಸುಳ್ಳು ಹೇಳಿ ನನ್ನ ಮಾನ ತೆಗೀತೀಯಲ್ಲ."

ಹುಡುಗಿ ಪಕ್ಕದ ಮಂಚದಲ್ಲಿ ದಿಂಬಿನ ಚೀಲ ಬದಲಿಸುತ್ತಿದ್ದಳು. ಆ ಕ್ಷಣಕ್ಕೆ ಅವಳಿಗೆ ಎಲ್ಲ ಅರ್ಥವಾಯಿತು. ಇಲ್ಲ ಅಕ್ಕ, ಅಜ್ಜಿ ಹೇಳೋದೇ ನಿಜ, ಅದನ್ನ ನಾನು ಬೆಳಿಗ್ಗೆಯೇ ಬರೆದಿಡ್ತೀನಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ದಿನವಷ್ಟೇ ಮೇಟ್ರನ್ ಅವಳನ್ನು ಕರೆದು, ಪತ್ರದಲ್ಲಿ ಹಾಕಲು ಪೂರ್ತಿ ಹೆಸರು ಬರೆಸಿಕೊಂಡಿದ್ದರು. ದಿಂಬಿನ ಚೀಲದ ಮೂಲೆಗಳನ್ನು ಸರಿಮಾಡುತ್ತಾ ನಿಂತಳು.

ಅಜ್ಜಿ ಮುಖವನ್ನು ಗೋಡೆಯತ್ತ ಹೊರಳಿಸಿದಳು. ಅಂದಿನಿಂದ ತಿರುಗಿಸಿ ಎಂದು ಯಾರನ್ನೂ ಕೇಳಲಿಲ್ಲ.

ಮಗಳು ಹೋದ ಮೇಲೆ ಹುಡುಗಿ ದೊಡ್ಡಕ್ಕನನ್ನು ಕರೆದಳು. ಇಬ್ಬರೂ ಸೇರಿ ಅಜ್ಜಿಯನ್ನು ತಿರುಗಿಸಿದರು. ಬೆನ್ನಿನ ಕೆಳಗೆ, ಮೂಳೆ ಎದ್ದಿರುವ ಕಡೆ, ಚರ್ಮ ಕಪ್ಪಾಗಿ ಬಿರಿದಿತ್ತು. ದೊಡ್ಡಕ್ಕ ತಲೆಯ ಮೇಲೆ ಕೈ ಹೊತ್ತಳು. "ನೀನು ಮಾಡಿರ್ತೀಯ ಅಂದ್ಕೊಂಡೆ ಕಣೇ" ಎಂದಳು. ಮರುದಿನದಿಂದ ಹುಡುಗಿ ಗಂಟೆಗೊಮ್ಮೆ ಅಜ್ಜಿಯ ಬಳಿ ಓಡಿಬಂದಳು, ಔಷಧಿ ಹಚ್ಚಿದಳು, ತಾನೇ ಉಣ್ಣಿಸಿದಳು. ಅಜ್ಜಿ ಬಾಯಿ ತೆರೆಯುತ್ತಿದ್ದಳು, ನುಂಗುತ್ತಿದ್ದಳು, ಗೋಡೆ ನೋಡುತ್ತಿದ್ದಳು. ಹನ್ನೆರಡನೆಯ ದಿನ ಚಳಿಜ್ವರ ಬಂತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರು, ಹುಣ್ಣಿನ ನಂಜು ರಕ್ತಕ್ಕೆ ಸೇರಿದೆ ಎಂದರು. ಅಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡಳು.

ವಾರದ ನಂತರ ಮಗಳು ತಾಯಿಯ ಸಾಮಾನು ತೆಗೆದುಕೊಂಡು ಹೋಗಲು ಬಂದಳು. ಅದು ಹುಡುಗಿಯ ಮೂರು ತಿಂಗಳ ಕೊನೆಯ ದಿನವೂ ಆಗಿತ್ತು. ಮೇಟ್ರನ್ ಮೇಜಿನ ಮೇಲೆ ಪತ್ರ ಸಿದ್ಧವಾಗಿತ್ತು, ಸಹಿಯಾಗಿತ್ತು, ಮುದ್ರೆಯ ಶಾಯಿ ಇನ್ನೂ ಆರಿರಲಿಲ್ಲ. ಸಾಮಾನಿನ ಚೀಲ ಹಿಡಿದುಕೊಂಡು ಹುಡುಗಿ ಒಳಗೆ ಬಂದಳು. ಮೇಟ್ರನ್ ಎದುರು ಕೂತಿದ್ದ ಕಂಡಕ್ಟರ್ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು.

"ನೀನೇ ಅಂತಲ್ಲಮ್ಮ ಆ ಹಾಳೆ ಬರೀತಿದ್ದದ್ದು? ಮೇಡಂ ಹೇಳಿದ್ರು. ಹೆತ್ತ ಮಗಳು ನಾನು, ನನ್ನ ಕೈಲಾಗ್ಲಿಲ್ಲ. ನೀನು ಗಂಟೆ ತಪ್ಪದೆ ನೋಡ್ಕೊಂಡೆ. ಆದ್ರೂ ಹುಣ್ಣಾಯ್ತು, ಅದು ಅಮ್ಮನ ಹಣೆಬರಹ. ಅಮ್ಮ ಏನೇನೋ ಅಂದಿದ್ರೆ ಮನಸ್ಸಿಗೆ ಹಚ್ಕೋಬೇಡ."

ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಪತ್ರ ಒಂದು ಮಾರು ದೂರದಲ್ಲಿತ್ತು. ಹುಡುಗಿಗೆ ಆ ಕೈಗಳನ್ನು ತಡೆದುಕೊಳ್ಳಲು ಆಗಲಿಲ್ಲ.

"ಅಕ್ಕ, ಆ ಹಾಳೆ ಸುಳ್ಳು. ನಾನು ಬೆಳಿಗ್ಗೇನೇ ಎಲ್ಲಾ ಬರೆದಿಡ್ತಿದ್ದೆ. ಅಜ್ಜೀನ ಯಾರೂ ತಿರುಗಿಸ್ತಿರ್ಲಿಲ್ಲ. ಅಜ್ಜಿ ನನ್ನ ಹತ್ರ ಕೇಳಿದ್ರು, ನಾಲ್ಕು ಸಲ. ನೀವು ಬೈದ ದಿನ ನಾನು ಅಲ್ಲೇ ಇದ್ದೆ. ಹೇಳ್ಲಿಲ್ಲ."

"ಏನ್ ಮಾತಾಡ್ತಿದ್ದೀಯ ನೀನು?" ಮೇಟ್ರನ್ ಕುರ್ಚಿಯಿಂದ ಎದ್ದರು. ಆಮೇಲೆ ಕಂಡಕ್ಟರ್ ಕಡೆ ತಿರುಗಿ, ಹಾಳೆಗಳ ಮೇಲಿರುವುದೆಲ್ಲ ಈ ಹುಡುಗಿಯದೇ ಕೈಬರಹ, ಹಾಗೆ ಬರೆಯಿರಿ ಎಂದು ಇಲ್ಲಿ ಯಾರೂ ಹೇಳಿಲ್ಲ ಎಂದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕ ನೆಲ ನೋಡಿದಳು. ಪತ್ರ ಮೇಜಿನ ಖಾನೆಯೊಳಗೆ ಹೋಯಿತು. ಆ ವರ್ಷದ ಉಚಿತ ಸೀಟು ಬೇರೆ ಯಾರಿಗೋ ಸಿಕ್ಕಿತು.

ಕಂಡಕ್ಟರ್‌ಗೆ ಮೇಟ್ರನ್ ಮಾತು ಒಂದೂ ಕಿವಿಗೆ ಬಿದ್ದಂತಿರಲಿಲ್ಲ. ಹುಡುಗಿಯ ಕೈ ಬಿಟ್ಟಳು. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದಳು. ಹೊಡೆಯುತ್ತಾಳೆ ಎಂದುಕೊಂಡಳು ಹುಡುಗಿ, ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು.

"ನಾನು ಬೈದ ಮೇಲೆ ಅಮ್ಮ ನನ್ನ ಹತ್ರ ಮಾತಾಡ್ಲೇ ಇಲ್ಲ" ಎಂದಳು ಕಂಡಕ್ಟರ್. "ಆಸ್ಪತ್ರೇಲಿ ನಾಲ್ಕು ದಿನ ಪಕ್ಕದಲ್ಲೇ ಕೂತಿದ್ದೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆ ಆಗಿದೆ ಅವಳಿಗೆ ಅಂದ್ಕೊಂಡು ನಾನೂ ಸುಮ್ನಿದ್ದೆ. ಈಗ ಬಂದು ಹೇಳ್ತಿದ್ದೀಯಲ್ಲ. ತಪ್ಪಾಯ್ತು ಅಂತ ನಾನೀಗ ಯಾರ ಹತ್ರ ಹೋಗಿ ಹೇಳ್ಲಿ?"

ಎಲ್ಲ ಪ್ರಶ್ನೆಗೂ ಮೊದಲು ಕೈ ಎತ್ತುತ್ತಿದ್ದ ಹುಡುಗಿಯ ಮುಖವನ್ನೇ ನೋಡುತ್ತಾ ಕಂಡಕ್ಟರ್ ಕಾದಳು, ನಿಜಕ್ಕೂ ಉತ್ತರ ಬೇಕಾದವಳ ಹಾಗೆ.